ಆಪರೇಟಿಂಗ್ ಸಿಸ್ಟಮ್ ವಿಷಯವನ್ನು ಯಾವ ಕ್ರಮದಲ್ಲಿ ಓದಬೇಕು: ದಾವಣಗೆರೆ, ಚಿತ್ರದುರ್ಗದ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಆಪರೇಟಿಂಗ್ ಸಿಸ್ಟಮ್ ಪತ್ರಿಕೆಯನ್ನು ಬಾಕಿ ಉಳಿಸಿಕೊಂಡು ಮತ್ತೆ ಓದಲು ಕುಳಿತವರ ಉತ್ತರಗಳಲ್ಲಿ ಒಂದೇ ಬಗೆಯ ತಪ್ಪು ಮರುಕಳಿಸುತ್ತದೆ. ವ್ಯಾಖ್ಯೆಗಳು ಸರಿಯಾಗಿರುತ್ತವೆ, ಡೆಡ್‌ಲಾಕ್‌ನ (ಓಡುತ್ತಿರುವ ಪ್ರೋಗ್ರಾಮ್‌ಗಳು ಒಂದಕ್ಕೊಂದು ಕಾಯುತ್ತಾ ನಿಂತುಬಿಡುವುದು) ನಾಲ್ಕು ಷರತ್ತುಗಳು ಸಾಲಾಗಿ ಬಂದಿರುತ್ತವೆ, ಯಾವ ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಮ್) ಯಾವಾಗ ಓಡಿತೆಂದು ತೋರಿಸುವ ಗ್ಯಾಂಟ್ ಚಾರ್ಟ್ ಕೂಡ ಅಚ್ಚುಕಟ್ಟಾಗಿರುತ್ತದೆ. ಆದರೆ ಪೇಜ್ ಫಾಲ್ಟ್ (ಪ್ರೋಗ್ರಾಮ್ ಮುಟ್ಟಿದ ಮೆಮೊರಿಯ ಪುಟ ಇನ್ನೂ ರ‍್ಯಾಮ್‌ನಲ್ಲಿ ಇಲ್ಲದಿರುವುದು) ಆದಾಗ ಯಾವ ಕೆಲಸವನ್ನು ಹಾರ್ಡ್‌ವೇರ್ ಮಾಡುತ್ತದೆ, ಯಾವುದನ್ನು ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಮಾಡುತ್ತದೆ, ನಿಮ್ಮ ಪ್ರೋಗ್ರಾಮಿಗೆ ಇದು ಗೊತ್ತಾಗುತ್ತದೆಯೇ ಎಂದು ಕೇಳಿದ ಕೂಡಲೇ ಪೆನ್ನು ನಿಂತುಬಿಡುತ್ತದೆ. ದಾವಣಗೆರೆಯ ಯುಬಿಡಿಟಿ ಅಥವಾ ಚಿತ್ರದುರ್ಗದ ಎಸ್‌ಜೆಎಂ ತಾಂತ್ರಿಕ ವಿದ್ಯಾಲಯದಲ್ಲಿ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪಠ್ಯಕ್ರಮದಂತೆ ಓದುತ್ತಿರುವವರಿಗೂ, ದಾವಣಗೆರೆ ವಿಶ್ವವಿದ್ಯಾಲಯದ ಬಿಸಿಎ, ಎಂಸಿಎ ವಿದ್ಯಾರ್ಥಿಗಳಿಗೂ ಈ ತೊಡಕು ಸಮಾನವಾದದ್ದು.

ಇದಕ್ಕೆ ಕಾರಣ ಬುದ್ಧಿಯ ಕೊರತೆಯಲ್ಲ, ಓದುವ ಕ್ರಮ. ಪಠ್ಯಕ್ರಮವು ವಿಷಯಗಳನ್ನು ವರ್ಗೀಕರಿಸುತ್ತದೆಯೇ ಹೊರತು ಕಲಿಯುವ ದಾರಿಯನ್ನು ಹೇಳುವುದಿಲ್ಲ. ಪ್ರತಿಯೊಂದು ಪರಿಕಲ್ಪನೆಯನ್ನೂ ಮೊದಲು ಯಂತ್ರದ ಮೇಲೆ ಕಣ್ಣಾರೆ ನೋಡಿ, ಬಳಿಕ ಕೈಯಿಂದ ಲೆಕ್ಕ ಮಾಡಿ, ಕೊನೆಯಲ್ಲಿ ಉತ್ತರ ಬರೆಯುವುದೇ ಸರಿಯಾದ ಕ್ರಮ. ಈ ಎಲ್ಲ ಹಂತಗಳಲ್ಲೂ ಒಂದು ಪ್ರಶ್ನೆ ನಿಮ್ಮ ಜೊತೆಗಿರಲಿ: ಈ ಕೆಲಸವನ್ನು ಮಾಡಿದವರು ಯಾರು, ಹಾರ್ಡ್‌ವೇರೋ, ಕರ್ನಲ್ಲೋ, ಪ್ರೋಗ್ರಾಮೋ?

ಹಂತ 1: ಸಲಕರಣೆಗಳನ್ನು ಮೊದಲ ವಾರದಲ್ಲೇ ಸಿದ್ಧಪಡಿಸಿಕೊಳ್ಳಿ

ಲಿನಕ್ಸ್ ಇರುವ ಒಂದು ಯಂತ್ರ ಬೇಕೇ ಬೇಕು. ವಿಂಡೋಸ್ ಲ್ಯಾಪ್‌ಟಾಪ್ ಇದ್ದವರು ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್‌ನ ಎರಡನೇ ಆವೃತ್ತಿಯಲ್ಲಿ ಉಬುಂಟು ಹಾಕಿಕೊಂಡರೆ ಸಾಕಾಗುತ್ತದೆ. ಯಂತ್ರದೊಳಗೆ ಇನ್ನೊಂದು ಯಂತ್ರ ಓಡಿಸುವ ವರ್ಚುವಲ್‌ಬಾಕ್ಸ್ ಕೂಡ ಆಗುತ್ತದೆ, ಆದರೆ 4 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಅದು ತೆವಳುತ್ತದೆ. ಜಿಸಿಸಿ (ಕಂಪೈಲರ್), ಮೇಕ್ (ಕೋಡ್ ಕಟ್ಟುವ ಸಾಧನ), ಜಿಡಿಬಿ (ದೋಷ ಹುಡುಕುವ ಸಾಧನ), ಎಸ್‌ಟ್ರೇಸ್ (ಪ್ರೋಗ್ರಾಮ್ ಕರ್ನಲ್‌ಗೆ ಕೇಳುವುದನ್ನು ತೋರಿಸುವ ಸಾಧನ) ಮತ್ತು ಕ್ಯುಇಎಂಯು (ಯಂತ್ರವನ್ನು ಅನುಕರಿಸುವ ಸಾಧನ) ಇಷ್ಟನ್ನು ಹಾಕಿಕೊಂಡರೆ ಇಡೀ ಸೆಮಿಸ್ಟರಿಗೆ ಬೇರೇನೂ ಬೇಡ. ಸ್ವಂತ ಯಂತ್ರವಿಲ್ಲದವರು ಕಾಲೇಜಿನ ಲ್ಯಾಬಿನಲ್ಲಿ ಬಿಡುವಿನ ಅವಧಿಗೆ ಅನುಮತಿ ಕೇಳಿ ಪಡೆಯಿರಿ. ಜಗಳೂರು, ಹೊಸದುರ್ಗದಂತಹ ಊರುಗಳಿಂದ ಬಸ್ಸಿನಲ್ಲಿ ಬಂದು ಹೋಗುವವರು ಪ್ರಯೋಗಗಳನ್ನು ಲ್ಯಾಬಿನಲ್ಲೂ, ಕೈಲೆಕ್ಕಗಳನ್ನು ಮನೆಯಲ್ಲೂ ಮಾಡುವಂತೆ ವಾರವನ್ನು ಹಂಚಿಕೊಂಡರೆ ಸಮಯ ಉಳಿಯುತ್ತದೆ.

ಎಚ್ಚರಿಕೆ: ಡುಯಲ್ ಬೂಟ್ (ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡೂ) ಮಾಡಲೇಬೇಕೆಂದಿದ್ದರೆ ಮೊದಲು ಕಡತಗಳ ಪ್ರತಿ ತೆಗೆದಿಡಿ, ಡಿಸ್ಕನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್ ಚಾಲನೆಯಲ್ಲಿದ್ದರೆ ಅದರ ರಿಕವರಿ ಕೀಯನ್ನು ಬರೆದಿಟ್ಟುಕೊಳ್ಳಿ. ಸೆಮಿಸ್ಟರಿನ ನಡುವೆ ಡಿಸ್ಕ್ ಪಾರ್ಟಿಷನ್‌ಗೆ ಕೈ ಹಾಕುವುದು ಬೇಡ.

ಹಂತ 2: ಸಿ ಭಾಷೆಯ ಪಾಯಿಂಟರ್‌ಗಳನ್ನು ಗಟ್ಟಿ ಮಾಡಿಕೊಳ್ಳಿ

ಈ ವಿಷಯ ಕಷ್ಟ ಎನ್ನುವವರಲ್ಲಿ ಹಲವರಿಗೆ ನಿಜವಾಗಿ ಕಷ್ಟವಾಗಿರುವುದು ಸಿ ಭಾಷೆ. ಪಾಯಿಂಟರ್ (ಮೆಮೊರಿಯ ವಿಳಾಸ ಇಟ್ಟುಕೊಳ್ಳುವ ವೇರಿಯಬಲ್), ಸ್ಟ್ರಕ್ಚರ್, ಮ್ಯಾಲಕ್ (ಮೆಮೊರಿ ಕೇಳಿ ಪಡೆಯುವ ಫಂಕ್ಷನ್) ಮತ್ತು ಫಂಕ್ಷನ್ ಪಾಯಿಂಟರ್ ಈ ನಾಲ್ಕು ಸರಾಗವಾಗುವವರೆಗೆ ಮುಂದೆ ಹೋಗಬೇಡಿ. ಒಂದು ಗ್ಲೋಬಲ್ ವೇರಿಯಬಲ್, ಒಂದು ಲೋಕಲ್ ವೇರಿಯಬಲ್, ಮ್ಯಾಲಕ್‌ನಿಂದ ಪಡೆದ ಒಂದು ಜಾಗ ಮತ್ತು ಮೇನ್ ಫಂಕ್ಷನ್, ಇವುಗಳ ವಿಳಾಸಗಳನ್ನು ಮುದ್ರಿಸುವ ಸಣ್ಣ ಪ್ರೋಗ್ರಾಮ್ ಬರೆಯಿರಿ. ಪುಸ್ತಕದಲ್ಲಿ ಚಿತ್ರವಾಗಿ ಕಂಡ ಟೆಕ್ಸ್ಟ್ (ಕೋಡ್), ಡೇಟಾ (ಗ್ಲೋಬಲ್), ಹೀಪ್ (ಮ್ಯಾಲಕ್), ಸ್ಟ್ಯಾಕ್ (ಲೋಕಲ್) ವಿಭಾಗಗಳು ನಿಮ್ಮ ಪರದೆಯ ಮೇಲೆ ಸಂಖ್ಯೆಗಳಾಗಿ ಕಾಣುತ್ತವೆ. ಅದೇ ಪ್ರೋಗ್ರಾಮನ್ನು ಮತ್ತೆ ಓಡಿಸಿದರೆ ವಿಳಾಸಗಳು ಸಾಮಾನ್ಯವಾಗಿ ಬದಲಾಗಿರುತ್ತವೆ. ಭದ್ರತೆಗಾಗಿ ಕರ್ನಲ್ ಅವನ್ನು ಪ್ರತಿ ಬಾರಿಯೂ ಬೇರೆ ಕಡೆ ಇರಿಸುವುದರಿಂದ ಹೀಗಾಗುತ್ತದೆ, ನಿಮ್ಮ ತಪ್ಪೇನೂ ಅಲ್ಲ.

ಹಂತ 3: ಸಿಸ್ಟಮ್ ಕಾಲ್ ಎಂಬ ಗಡಿಯನ್ನು ಗುರುತಿಸಿ

ಒಂದು ಸಾಲು ಮುದ್ರಿಸುವ ಪ್ರೋಗ್ರಾಮನ್ನು ಎಸ್‌ಟ್ರೇಸ್ ಜೊತೆಗೆ ಓಡಿಸಿ. ಪ್ರಿಂಟ್‌ಎಫ್ ಎಂಬ ಹೆಸರು ಅಲ್ಲಿ ಎಲ್ಲೂ ಕಾಣುವುದಿಲ್ಲ, ಬದಲಿಗೆ ರೈಟ್ ಎಂಬ ಸಿಸ್ಟಮ್ ಕಾಲ್ (ಪ್ರೋಗ್ರಾಮ್ ಕರ್ನಲ್‌ಗೆ ಸಲ್ಲಿಸುವ ಬೇಡಿಕೆ) ಕಾಣುತ್ತದೆ. ಪ್ರಿಂಟ್‌ಎಫ್ ಲೈಬ್ರರಿಯ ಕೆಲಸ, ರೈಟ್ ಕರ್ನಲ್‌ನ ಕೆಲಸ. ಇವೆರಡರ ನಡುವಿನ ಗೆರೆಯೇ ಯೂಸರ್ ಮೋಡ್ ಮತ್ತು ಕರ್ನಲ್ ಮೋಡ್‌ಗಳ ನಡುವಿನ ಗೆರೆ.

ವೈವಾದಲ್ಲಿ ಪದೇಪದೇ ಕಾಣುವ ತಪ್ಪೆಂದರೆ ಸಿಸ್ಟಮ್ ಕಾಲ್ ಅನ್ನು ಕಾಂಟೆಕ್ಸ್ಟ್ ಸ್ವಿಚ್ ಎಂದುಬಿಡುವುದು. ಸಿಸ್ಟಮ್ ಕಾಲ್‌ನಲ್ಲಿ ಪ್ರೊಸೆಸರಿನ ಮೋಡ್ ಬದಲಾಗುತ್ತದೆ, ಆದರೆ ಓಡುತ್ತಿರುವ ಪ್ರೊಸೆಸ್ ಅದೇ ಆಗಿರುತ್ತದೆ. ಒಂದು ಪ್ರೊಸೆಸ್ಸಿನ ರಿಜಿಸ್ಟರ್‌ಗಳನ್ನು ಉಳಿಸಿಟ್ಟು ಇನ್ನೊಂದರ ರಿಜಿಸ್ಟರ್‌ಗಳನ್ನು ತುಂಬಿದಾಗ ಮಾತ್ರ ಅದು ಕಾಂಟೆಕ್ಸ್ಟ್ ಸ್ವಿಚ್.

ಹಂತ 4: ಪ್ರೊಸೆಸ್ಸನ್ನು ಹುಟ್ಟಿಸಿ, ಕಾಯಿರಿ, ಸಾಯಲು ಬಿಡಿ

ಫೋರ್ಕ್ (ಪ್ರೊಸೆಸ್ಸಿನ ಪ್ರತಿ ಮಾಡುವುದು), ಎಕ್ಸೆಕ್ (ಅದರಲ್ಲಿ ಹೊಸ ಪ್ರೋಗ್ರಾಮ್ ತುಂಬುವುದು), ವೇಟ್ (ಮಗು ಮುಗಿಯುವವರೆಗೆ ಕಾಯುವುದು) ಈ ಮೂರನ್ನು ಇದೇ ಕ್ರಮದಲ್ಲಿ ಬೇರೆ ಬೇರೆಯಾಗಿ ಪ್ರಯೋಗಿಸಿ. ಫೋರ್ಕ್ ಮಗು ಪ್ರೊಸೆಸ್ಸಿನಲ್ಲಿ 0 ಯನ್ನೂ, ತಾಯಿ ಪ್ರೊಸೆಸ್ಸಿನಲ್ಲಿ ಮಗುವಿನ ಗುರುತಿನ ಸಂಖ್ಯೆಯನ್ನೂ, ವಿಫಲವಾದರೆ -1 ಅನ್ನೂ ಕೊಡುತ್ತದೆ. ಮೂರು ಫೋರ್ಕ್‌ಗಳನ್ನು ಒಂದರ ಕೆಳಗೊಂದು ಬರೆದರೆ ಒಟ್ಟು 8 ಪ್ರೊಸೆಸ್‌ಗಳಾಗುತ್ತವೆ. ಈ ಎಣಿಕೆಯನ್ನು ಸೂತ್ರದಿಂದ ಹೇಳುವ ಬದಲು ಮರದ ಚಿತ್ರ ಬರೆದು ತೋರಿಸುವ ಅಭ್ಯಾಸ ಮಾಡಿಕೊಳ್ಳಿ, ಏಕೆಂದರೆ ಫೋರ್ಕ್ ಒಂದು ಇಫ್‌ನ ಒಳಗೆ ಸೇರಿದ ಕೂಡಲೇ ಸೂತ್ರ ಕೈಕೊಡುತ್ತದೆ.

ಒಂದು ಪ್ರಯೋಗವನ್ನು ತಪ್ಪದೆ ಮಾಡಿ. ಪ್ರಿಂಟ್‌ಎಫ್‌ನಿಂದ "ದಾವಣಗೆರೆ" ಎಂಬ ಪದವನ್ನು ಸಾಲು ಮುರಿಯುವ ಸಂಕೇತವಿಲ್ಲದೆ ಮುದ್ರಿಸಿ, ನಂತರ ಒಂದೇ ಒಂದು ಫೋರ್ಕ್ ಮಾಡಿ ಪ್ರೋಗ್ರಾಮ್ ಮುಗಿಸಿ. ಮುದ್ರಣದ ಸಾಲು ಫೋರ್ಕ್‌ಗಿಂತ ಮೊದಲೇ ಇದ್ದರೂ ಪದ ಎರಡು ಬಾರಿ ಕಾಣುತ್ತದೆ. ಪ್ರಿಂಟ್‌ಎಫ್ ಆ ಪದವನ್ನು ಇನ್ನೂ ಕರ್ನಲ್‌ಗೆ ಒಪ್ಪಿಸಿರಲಿಲ್ಲ. ಅದು ಪ್ರೊಸೆಸ್ಸಿನ ಸ್ವಂತ ಮೆಮೊರಿಯ ಬಫರಿನಲ್ಲಿ ಕುಳಿತಿತ್ತು, ಫೋರ್ಕ್ ಆದಾಗ ಬಫರಿಗೂ ಪ್ರತಿಯಾಯಿತು, ಮುಗಿಯುವಾಗ ಇಬ್ಬರೂ ತಮ್ಮ ತಮ್ಮ ಬಫರನ್ನು ಹೊರಗೆ ಹಾಕಿದರು. ಈಗ ಸಾಲು ಮುರಿಯುವ ಸಂಕೇತ ಸೇರಿಸಿ ಓಡಿಸಿದರೆ ಟರ್ಮಿನಲ್‌ನಲ್ಲಿ ಒಂದೇ ಬಾರಿ ಬರುತ್ತದೆ. ಅದೇ ಪ್ರೋಗ್ರಾಮಿನ ಫಲಿತಾಂಶವನ್ನು ಒಂದು ಫೈಲಿಗೆ ತಿರುಗಿಸಿದರೆ ಮತ್ತೆ ಎರಡು ಬಾರಿ ಬರುತ್ತದೆ, ಏಕೆಂದರೆ ಫೈಲಿಗೆ ಬರೆಯುವಾಗ ಲೈಬ್ರರಿ ಸಾಲು ಮುಗಿದ ಮಾತ್ರಕ್ಕೆ ಬಫರನ್ನು ಖಾಲಿ ಮಾಡುವುದಿಲ್ಲ. ಈ ಒಂದು ಪ್ರಯೋಗದಲ್ಲಿ ಲೈಬ್ರರಿ, ಕರ್ನಲ್, ಪ್ರೊಸೆಸ್ಸಿನ ಮೆಮೊರಿ ಈ ಮೂರರ ಪಾತ್ರಗಳೂ ಬಿಡಿಬಿಡಿಯಾಗಿ ಕಾಣುತ್ತವೆ.

ಜಾಂಬಿಯನ್ನೂ (ಸತ್ತರೂ ಪಟ್ಟಿಯಲ್ಲಿ ಉಳಿದಿರುವ ಪ್ರೊಸೆಸ್) ಹೀಗೆಯೇ ನೋಡಬೇಕು. ಮಗು ಕೂಡಲೇ ಮುಗಿಯಲಿ, ತಾಯಿ ವೇಟ್ ಮಾಡದೆ ಒಂದು ನಿಮಿಷ ನಿದ್ರಿಸಲಿ. ಇನ್ನೊಂದು ಟರ್ಮಿನಲ್‌ನಲ್ಲಿ ಪ್ರೊಸೆಸ್‌ಗಳ ಪಟ್ಟಿ ತೋರಿಸುವ ಪಿಎಸ್ ಆಜ್ಞೆ ಕೊಟ್ಟರೆ ಮಗುವಿನ ಸ್ಥಿತಿಯಲ್ಲಿ ಜೆಡ್ ಅಕ್ಷರ ಕಾಣುತ್ತದೆ. ಅದಕ್ಕೆ ಕಿಲ್ ಆಜ್ಞೆ ಕೊಟ್ಟರೂ ಅದು ಹೋಗುವುದಿಲ್ಲ, ಅದಾಗಲೇ ಸತ್ತಿದೆ. ತಾಯಿ ಅದರ ಫಲಿತಾಂಶವನ್ನು ಪಡೆದುಕೊಳ್ಳುವುದಷ್ಟೇ ಬಾಕಿ.

ಎಚ್ಚರಿಕೆ: ಫೋರ್ಕ್ ಅನ್ನು ಕೊನೆಯಿಲ್ಲದ ಲೂಪಿನಲ್ಲಿ ಹಾಕಿದರೆ ಇಡೀ ಯಂತ್ರ ನಿಂತುಹೋಗುತ್ತದೆ. ಲ್ಯಾಬಿನ ಸರ್ವರಿನಲ್ಲಿ ಹೀಗಾದರೆ ಇತರರ ಕೆಲಸವೂ ಹಾಳು. ಪ್ರಯೋಗಕ್ಕೆ ಮೊದಲು ಯುಲಿಮಿಟ್ ಆಜ್ಞೆಯಿಂದ ನಿಮ್ಮ ಪ್ರೊಸೆಸ್‌ಗಳ ಸಂಖ್ಯೆಗೆ ಮಿತಿ ಹಾಕಿಕೊಳ್ಳಿ.

ಹಂತ 5: ಥ್ರೆಡ್ ಮತ್ತು ಸಿಂಕ್ರೊನೈಸೇಷನ್‌ಗೆ ಹೆಚ್ಚು ದಿನ ಕೊಡಿ

ಸಾಮಾನ್ಯವಾಗಿ ಪಠ್ಯಕ್ರಮದಲ್ಲಿ ಶೆಡ್ಯೂಲಿಂಗ್ (ಯಾವ ಪ್ರೊಸೆಸ್ ಯಾವಾಗ ಓಡಬೇಕೆಂಬ ತೀರ್ಮಾನ) ಮೊದಲು ಬರುತ್ತದೆ. ಆದರೂ ಥ್ರೆಡ್‌ಗಳನ್ನು (ಒಂದೇ ಪ್ರೊಸೆಸ್ಸಿನ ಮೆಮೊರಿ ಹಂಚಿಕೊಂಡು ಓಡುವ ಎಳೆಗಳು) ಮೊದಲು ಓದಿ ಎಂದೇ ನನ್ನ ಸಲಹೆ. ಶೆಡ್ಯೂಲಿಂಗ್ ಲೆಕ್ಕಗಳು ಬೇಗ ಕೈಗೆ ಹತ್ತುತ್ತವೆ, ಎಲ್ಲವೂ ಬಂದಿತೆಂಬ ಭಾವನೆ ಮೂಡಿಸುತ್ತವೆ. ಥ್ರೆಡ್‌ಗಳ ಕೆಲಸ ಒಂದಕ್ಕೊಂದು ಅಡ್ಡಬರದಂತೆ ಹೊಂದಿಸುವ ಸಿಂಕ್ರೊನೈಸೇಷನ್ ಮಾತ್ರ ಮನಸ್ಸಿನಲ್ಲಿ ಮಾಗಲು ಸಮಯ ಬೇಡುತ್ತದೆ.

ಎರಡು ಥ್ರೆಡ್‌ಗಳು ಒಂದೇ ಗ್ಲೋಬಲ್ ಎಣಿಕೆಯನ್ನು ತಲಾ 10,00,000 ಬಾರಿ ಒಂದೊಂದಾಗಿ ಹೆಚ್ಚಿಸುವ ಪ್ರೋಗ್ರಾಮ್ ಬರೆಯಿರಿ. ಉತ್ತರ 20,00,000 ಬರಬೇಕು, ಸಾಮಾನ್ಯವಾಗಿ ಬರುವುದಿಲ್ಲ; ಓಡಿಸಿದಷ್ಟು ಬಾರಿ ಬೇರೆ ಬೇರೆ ಸಂಖ್ಯೆ ಬರುತ್ತದೆ. ಎಪಿಎಂಸಿ ಪ್ರಾಂಗಣದಲ್ಲಿ ಇಬ್ಬರು ಗುಮಾಸ್ತರು ಒಂದೇ ಲೆಕ್ಕದ ಪುಸ್ತಕದಿಂದ ಮೆಕ್ಕೆಜೋಳದ ಚೀಲಗಳ ಒಟ್ಟು ಮೊತ್ತವನ್ನು ಓದಿಕೊಂಡು, ತಮ್ಮ ತಮ್ಮ ಚೀಲಗಳನ್ನು ಕೂಡಿಸಿ, ಹಳೆಯ ಮೊತ್ತದ ಜಾಗದಲ್ಲಿ ಹೊಸದನ್ನು ಬರೆದರೆ ಒಬ್ಬರ ಚೀಲಗಳು ಲೆಕ್ಕದಿಂದ ಮಾಯವಾಗುತ್ತವೆಯಲ್ಲವೇ, ಇಲ್ಲಿ ಆಗುವುದೂ ಅದೇ. ಸಿ ಭಾಷೆಯಲ್ಲಿ ಒಂದೇ ಸಾಲಾಗಿ ಕಾಣುವ ಹೆಚ್ಚಳವು ಓದು, ಕೂಡು, ಬರೆ ಎಂಬ ಮೂರು ಕೆಲಸಗಳಾಗಿ ಒಡೆಯುತ್ತದೆ.

ಈ ಪ್ರಯೋಗ ಕೆಲವರಿಗೆ ಮೊದಲ ಸಲ ಕೈಕೊಡುತ್ತದೆ, ಅಂದರೆ ಉತ್ತರ ಸರಿಯಾಗಿಯೇ ಬಂದುಬಿಡುತ್ತದೆ. ಮೊದಲನೆಯ ಕಾರಣ ಕಂಪೈಲರ್: ಆಪ್ಟಿಮೈಸೇಷನ್ ಹಾಕಿದ್ದರೆ ಅದು ಇಡೀ ಲೂಪನ್ನು ಒಂದೇ ಸಂಕಲನವಾಗಿ ಮಡಚಬಹುದು. ಆದ್ದರಿಂದ ಆಪ್ಟಿಮೈಸೇಷನ್ ಇಲ್ಲದೆ ಕಂಪೈಲ್ ಮಾಡಿ. ಎರಡನೆಯ ಕಾರಣ ವರ್ಚುವಲ್ ಯಂತ್ರಕ್ಕೆ ಒಂದೇ ಕೋರ್ ಕೊಟ್ಟಿರುವುದು. ಕನಿಷ್ಠ ಎರಡು ಕೊಡಿ. ಉತ್ತರ ಸರಿ ಬಂದಿತೆಂದು ಕೋಡ್ ಸರಿ ಇದೆ ಎಂದು ತೀರ್ಮಾನಿಸುವುದೇ ಈ ಅಧ್ಯಾಯದ ಅತಿ ದೊಡ್ಡ ಅಪಾಯ.

ನಂತರ ಮ್ಯೂಟೆಕ್ಸ್ (ಒಮ್ಮೆಗೆ ಒಂದೇ ಥ್ರೆಡ್‌ಗೆ ಒಳಬರಲು ಬಿಡುವ ಬೀಗ) ಹಾಕಿ ಸರಿಪಡಿಸಿ, ಸಮಯ ಎಷ್ಟು ಹೆಚ್ಚಾಯಿತೆಂದು ನೋಡಿ. ಅಲ್ಲಿಂದ ಬೌಂಡೆಡ್ ಬಫರ್ (ಒಂದು ಥ್ರೆಡ್ ತುಂಬುವ, ಇನ್ನೊಂದು ಖಾಲಿ ಮಾಡುವ ಸೀಮಿತ ಜಾಗ) ಸಮಸ್ಯೆಗೆ ಬನ್ನಿ. ಇಲ್ಲಿ ಖಾಲಿ ಜಾಗಗಳಿಗೊಂದು ಸೆಮಫೋರ್ (ಎಣಿಕೆ ಇಡುವ, ಸೊನ್ನೆಯಾದಾಗ ಕಾಯಿಸುವ ಸಾಧನ), ತುಂಬಿದ ಜಾಗಗಳಿಗೊಂದು, ಬಫರಿನ ರಕ್ಷಣೆಗೊಂದು ಮ್ಯೂಟೆಕ್ಸ್ ಇರುತ್ತವೆ. ಉತ್ಪಾದಕ ಥ್ರೆಡ್ ಮೊದಲು ಖಾಲಿ ಜಾಗಕ್ಕಾಗಿ ಕಾಯಬೇಕು, ನಂತರವೇ ಮ್ಯೂಟೆಕ್ಸ್ ಹಿಡಿಯಬೇಕು. ಪರೀಕ್ಷೆಯಲ್ಲಿ ಈ ಎರಡು ಸಾಲುಗಳು ಅದಲುಬದಲಾಗುವುದು ಬಹಳ ಸಾಮಾನ್ಯ. ಅದಲುಬದಲಾದರೆ, ಬಫರ್ ತುಂಬಿರುವಾಗ ಉತ್ಪಾದಕ ಮ್ಯೂಟೆಕ್ಸ್ ಹಿಡಿದುಕೊಂಡೇ ಖಾಲಿ ಜಾಗಕ್ಕೆ ಕಾಯುತ್ತದೆ, ಖಾಲಿ ಮಾಡಬೇಕಾದ ಗ್ರಾಹಕ ಥ್ರೆಡ್ ಅದೇ ಮ್ಯೂಟೆಕ್ಸ್‌ಗಾಗಿ ಕಾಯುತ್ತದೆ, ಇಬ್ಬರೂ ಎಂದೆಂದಿಗೂ ಏಳುವುದಿಲ್ಲ. ಇದನ್ನು ಬೇಕೆಂದೇ ತಪ್ಪಾಗಿ ಬರೆದು ಪ್ರೋಗ್ರಾಮ್ ಸ್ತಬ್ಧವಾಗುವುದನ್ನು ನೋಡಿದವರು ಆ ಕ್ರಮವನ್ನು ಮತ್ತೆ ಮರೆಯುವುದಿಲ್ಲ.

ಷರತ್ತು ಈಡೇರುವವರೆಗೆ ಥ್ರೆಡ್ಡನ್ನು ಮಲಗಿಸುವ ಕಂಡಿಷನ್ ವೇರಿಯಬಲ್ ಬಳಸುವಾಗ ಷರತ್ತನ್ನು ಇಫ್‌ನಿಂದ ಅಲ್ಲ, ವೈಲ್‌ನಿಂದ ಪರೀಕ್ಷಿಸಿ. ಥ್ರೆಡ್ ಎಚ್ಚರಗೊಂಡು ಲಾಕ್ ಪಡೆಯುವಷ್ಟರಲ್ಲಿ ಇನ್ನೊಂದು ಥ್ರೆಡ್ ಬಂದು ಆ ವಸ್ತುವನ್ನು ಕೊಂಡೊಯ್ದಿರಬಹುದು, ಅಲ್ಲದೆ ಸಂಕೇತವಿಲ್ಲದೆಯೂ ಎಚ್ಚರವಾಗಲು ಪೊಸಿಕ್ಸ್ (ಯುನಿಕ್ಸ್ ಬಗೆಯ ವ್ಯವಸ್ಥೆಗಳ ಮಾನದಂಡ) ನಿಯಮ ಅವಕಾಶ ಕೊಡುತ್ತದೆ.

ದಾರಿ ತಪ್ಪುತ್ತಿದ್ದೀರಿ ಎಂಬುದಕ್ಕೆ ಎರಡು ಸೂಚನೆಗಳಿವೆ. ಒಂದು, ಕೋಡ್ ಸರಿಯಾಗಲೆಂದು ಅಲ್ಲಲ್ಲಿ ಸ್ಲೀಪ್ ಸೇರಿಸುತ್ತಿದ್ದೀರಿ. ಇನ್ನೊಂದು, ದೋಷ ಹುಡುಕಲೆಂದು ಪ್ರಿಂಟ್‌ಎಫ್ ಹಾಕಿದರೆ ದೋಷವೇ ಕಾಣೆಯಾಗುತ್ತಿದೆ. ಮುದ್ರಣವು ಥ್ರೆಡ್‌ಗಳ ಸಮಯವನ್ನು ಬದಲಿಸಿದೆ ಅಷ್ಟೇ, ದೋಷ ಅಲ್ಲಿಯೇ ಇದೆ.

ಡೆಡ್‌ಲಾಕ್ ಭಾಗದಲ್ಲಿ ಸಂಪನ್ಮೂಲ ಕೊಟ್ಟರೆ ಸುರಕ್ಷಿತವೇ ಎಂದು ಪರೀಕ್ಷಿಸುವ ಬ್ಯಾಂಕರ್ಸ್ ಅಲ್ಗಾರಿದಮ್‌ನ ಲೆಕ್ಕ ಎಲ್ಲರಿಗೂ ಬರುತ್ತದೆ, ಫಲಿತಾಂಶದ ಅರ್ಥ ಹಲವರಿಗೆ ಬರುವುದಿಲ್ಲ. ಅಸುರಕ್ಷಿತ ಸ್ಥಿತಿ ಎಂದರೆ ಡೆಡ್‌ಲಾಕ್ ಆಗಿದೆ ಎಂದಲ್ಲ. ಎಲ್ಲ ಪ್ರೊಸೆಸ್‌ಗಳೂ ತಮ್ಮ ಗರಿಷ್ಠ ಬೇಡಿಕೆಯನ್ನು ಮುಂದಿಟ್ಟರೆ ಡೆಡ್‌ಲಾಕ್ ತಪ್ಪಿಸುವ ಭರವಸೆ ಇಲ್ಲ ಎಂದಷ್ಟೇ ಅದರ ಅರ್ಥ.

ಹಂತ 6: ಶೆಡ್ಯೂಲಿಂಗ್ ಲೆಕ್ಕದಲ್ಲಿ ನಿಯಮವನ್ನು ಮೊದಲೇ ಬರೆಯಿರಿ

ಟರ್ನ್‌ಅರೌಂಡ್ ಸಮಯವೆಂದರೆ ಮುಗಿದ ಸಮಯದಿಂದ ಬಂದ ಸಮಯವನ್ನು ಕಳೆದದ್ದು, ಕಾಯುವ ಸಮಯವೆಂದರೆ ಅದರಿಂದ ಬರ್ಸ್ಟ್ ಸಮಯವನ್ನು (ಸಿಪಿಯು ಮೇಲೆ ಬೇಕಾದ ಸಮಯ) ಕಳೆದದ್ದು. ಇದು ಎಲ್ಲರಿಗೂ ಗೊತ್ತು. ಅಂಕ ಹೋಗುವುದು ಬೇರೆ ಕಡೆ.

ಸರದಿಯಂತೆ ಎಲ್ಲರಿಗೂ ಸಮಯ ಕೊಡುವ ರೌಂಡ್ ರಾಬಿನ್ ತೆಗೆದುಕೊಳ್ಳಿ, ಕ್ವಾಂಟಮ್ (ಒಂದು ಸರದಿಯ ಸಮಯ) 3. ಪಿ1 ಸಮಯ 0 ರಲ್ಲಿ ಬಂದಿದೆ, ಬರ್ಸ್ಟ್ 5. ಪಿ2 ಸಮಯ 1 ರಲ್ಲಿ, ಬರ್ಸ್ಟ್ 3. ಪಿ3 ಸಮಯ 3 ರಲ್ಲಿ, ಬರ್ಸ್ಟ್ 4. ಸಮಯ 3 ರಲ್ಲಿ ಪಿ1 ರ ಕ್ವಾಂಟಮ್ ಮುಗಿಯುತ್ತದೆ, ಅದೇ ಕ್ಷಣದಲ್ಲಿ ಪಿ3 ಬರುತ್ತದೆ. ಸಾಲಿನಲ್ಲಿ ಯಾರು ಮುಂದೆ? ಹೊಸದಾಗಿ ಬಂದ ಪಿ3 ಮುಂದೆ ಎಂದಾದರೆ ಪಿ1, ಪಿ2, ಪಿ3 ಕ್ರಮವಾಗಿ 11, 6, 12 ರಲ್ಲಿ ಮುಗಿಯುತ್ತವೆ, ಕಾಯುವ ಸಮಯ 6, 2, 5, ಸರಾಸರಿ 4.33. ಪಿ1 ಮುಂದೆ ಎಂದಾದರೆ ಅವು 8, 6, 12 ರಲ್ಲಿ ಮುಗಿಯುತ್ತವೆ, ಕಾಯುವ ಸಮಯ 3, 2, 5, ಸರಾಸರಿ 3.33. ಎರಡೂ ಉತ್ತರಗಳು ತಮ್ಮ ತಮ್ಮ ನಿಯಮಕ್ಕೆ ಸರಿ. ಆದ್ದರಿಂದ ಪ್ರಶ್ನೆಯಲ್ಲಿ ಹೇಳಿರದಿದ್ದರೆ ನೀವು ಹಿಡಿದ ನಿಯಮವನ್ನು ಚಾರ್ಟಿನ ಮೇಲೆ ಒಂದು ಸಾಲಿನಲ್ಲಿ ಬರೆದು ಮುಂದುವರಿಯಿರಿ. ಪ್ರಯಾರಿಟಿ ಲೆಕ್ಕದಲ್ಲೂ ಚಿಕ್ಕ ಸಂಖ್ಯೆ ಹೆಚ್ಚಿನ ಆದ್ಯತೆಯೋ, ದೊಡ್ಡದೋ ಎಂಬುದನ್ನು ಹೀಗೆಯೇ ಬರೆಯಬೇಕು.

ಪುಸ್ತಕದ ಅಲ್ಗಾರಿದಮ್‌ಗಳೇ ಲಿನಕ್ಸ್‌ನಲ್ಲಿ ಹಾಗೆಯೇ ಇವೆ ಎಂದು ಬರೆಯಬೇಡಿ. 2007 ರಿಂದ ಸಾಮಾನ್ಯ ಪ್ರೊಸೆಸ್‌ಗಳಿಗೆ ಸಿಎಫ್‌ಎಸ್ ಎಂಬ ಶೆಡ್ಯೂಲರ್ ಬಳಕೆಯಲ್ಲಿತ್ತು, 2023 ರ 6.6 ಆವೃತ್ತಿಯಿಂದ ಆ ಜಾಗಕ್ಕೆ ಇಇವಿಡಿಎಫ್ ಬಂದಿದೆ.

ಹಂತ 7: ಮೆಮೊರಿ ನಿರ್ವಹಣೆಯನ್ನು ಸಂಖ್ಯೆಗಳಿಂದ ಕಲಿಯಿರಿ

ಒಂದೇ ಒಂದು ವಿಳಾಸವನ್ನು ಕೈಯಿಂದ ಅನುವಾದಿಸುವುದರಿಂದ ಆರಂಭಿಸಿ. ಪೇಜ್ (ಮೆಮೊರಿಯ ಸಮಗಾತ್ರದ ತುಂಡು) ಗಾತ್ರ 4096 ಬೈಟ್, ವರ್ಚುವಲ್ ವಿಳಾಸ (ಪ್ರೋಗ್ರಾಮ್ ಕಾಣುವ ವಿಳಾಸ) 20500. ಭಾಗಿಸಿದರೆ ಪೇಜ್ ಸಂಖ್ಯೆ 5, ಶೇಷವಾಗಿ ಉಳಿದ 20 ಆಫ್‌ಸೆಟ್. ಪೇಜ್ ಟೇಬಲ್‌ನಲ್ಲಿ 5 ನೇ ಪೇಜ್ 9 ನೇ ಫ್ರೇಮಿನಲ್ಲಿದ್ದರೆ (ಫ್ರೇಮ್ ಎಂದರೆ ರ‍್ಯಾಮ್‌ನಲ್ಲಿ ಪೇಜ್ ಗಾತ್ರದ ಜಾಗ) ಭೌತಿಕ ವಿಳಾಸ 9 × 4096 + 20, ಅಂದರೆ 36884. ಆಫ್‌ಸೆಟ್ ಬದಲಾಗುವುದೇ ಇಲ್ಲ ಎಂಬುದನ್ನು ಗಮನಿಸಿ. ಅದನ್ನೂ ಬದಲಿಸಿ ಬರೆಯುವವರು ಪೇಜಿಂಗ್‌ನ ಮೂಲವನ್ನೇ ಬಿಟ್ಟಿದ್ದಾರೆ.

ಮುಂದಿನದು ಬಹುಹಂತದ ಪೇಜ್ ಟೇಬಲ್ ಏಕೆ ಬೇಕು ಎಂಬ ಪ್ರಶ್ನೆ. 32 ಬಿಟ್ ವಿಳಾಸದಲ್ಲಿ 12 ಬಿಟ್ ಆಫ್‌ಸೆಟ್‌ಗೆ ಹೋದರೆ 20 ಬಿಟ್ ಉಳಿಯುತ್ತದೆ, ಅಂದರೆ 10,48,576 ನಮೂದುಗಳು. ಪ್ರತಿಯೊಂದಕ್ಕೆ 4 ಬೈಟ್ ಎಂದರೆ ಒಂದೊಂದು ಪ್ರೊಸೆಸ್ಸಿಗೂ 4 ಎಂಬಿ ಪೇಜ್ ಟೇಬಲ್. ಬಳಸದ ವಿಳಾಸಗಳಿಗೂ ಇಷ್ಟು ಜಾಗ ಕೊಡುವುದು ವ್ಯರ್ಥ. ಈ ಲೆಕ್ಕವನ್ನು ಬರೆದ ನಂತರ ಕಾರಣವನ್ನು ಕಂಠಪಾಠ ಮಾಡುವ ಅಗತ್ಯ ಬೀಳುವುದಿಲ್ಲ. ಟಿಎಲ್‌ಬಿ (ಇತ್ತೀಚಿನ ವಿಳಾಸ ಅನುವಾದಗಳನ್ನು ನೆನಪಿಡುವ ಪುಟ್ಟ ಕ್ಯಾಶ್) ಲೆಕ್ಕವೂ ಅಷ್ಟೇ: ಟಿಎಲ್‌ಬಿಗೆ 10, ಮೆಮೊರಿಗೆ 100 ನ್ಯಾನೋಸೆಕೆಂಡ್, ಹಿಟ್ ಶೇ. 90 ಆಗಿದ್ದರೆ ಒಂದು ಹಂತದ ಟೇಬಲ್‌ನಲ್ಲಿ 0.9 × 110 + 0.1 × 210, ಅಂದರೆ 120 ನ್ಯಾನೋಸೆಕೆಂಡ್. ಮಿಸ್ ಆದಾಗ ಮೆಮೊರಿಗೆ ಎರಡು ಬಾರಿ ಹೋಗಬೇಕು ಎಂಬುದನ್ನು ಮರೆತು 110 ಎಂದು ಬರೆಯುವುದು ಇಲ್ಲಿಯ ಸಾಮಾನ್ಯ ತಪ್ಪು.

ಇನ್ನು ಯಂತ್ರದ ಮೇಲೆ ನೋಡಿ. ಮ್ಯಾಲಕ್‌ನಿಂದ 1 ಜಿಬಿ ಕೇಳಿ, ಅದನ್ನು ಮುಟ್ಟದೆ ಪ್ರೋಗ್ರಾಮನ್ನು ನಿಲ್ಲಿಸಿಡಿ. ಟಾಪ್ ಆಜ್ಞೆಯಲ್ಲಿ ವರ್ಚುವಲ್ ಮೆಮೊರಿಯ ಅಂಕಣ ಏರಿರುತ್ತದೆ, ರೆಸಿಡೆಂಟ್ (ನಿಜವಾಗಿ ರ‍್ಯಾಮ್‌ನಲ್ಲಿರುವ) ಅಂಕಣ ಏರಿರುವುದಿಲ್ಲ. ಈಗ ಪ್ರತಿ 4096 ಬೈಟಿಗೊಂದು ಅಕ್ಷರ ಬರೆಯುತ್ತಾ ಹೋದರೆ ರೆಸಿಡೆಂಟ್ ಅಂಕಣ ಮೇಲೇರುತ್ತದೆ. ಪ್ರತಿ ಪೇಜಿನ ಮೊದಲ ಬರಹಕ್ಕೆ ಹಾರ್ಡ್‌ವೇರ್ ಪೇಜ್ ಫಾಲ್ಟ್ ಎಬ್ಬಿಸುತ್ತದೆ, ಕರ್ನಲ್ ಒಂದು ಫ್ರೇಮ್ ಹುಡುಕಿ ಟೇಬಲ್‌ನಲ್ಲಿ ನಮೂದಿಸುತ್ತದೆ, ಅದೇ ಸೂಚನೆ ಮತ್ತೆ ನಡೆಯುತ್ತದೆ, ಪ್ರೋಗ್ರಾಮಿಗೆ ಏನೂ ತಿಳಿಯುವುದಿಲ್ಲ. ಮೊದಲಿಗೆ ಪೆನ್ನು ನಿಲ್ಲಿಸಿದ ಆ ಪ್ರಶ್ನೆಗೆ ಉತ್ತರ ಇದೇ. ಕಡಿಮೆ ರ‍್ಯಾಮ್ ಇರುವ ಯಂತ್ರದಲ್ಲಿ ಈ ಗಾತ್ರವನ್ನು 200 ಎಂಬಿಗೆ ಇಳಿಸಿಕೊಳ್ಳಿ.

ಪೇಜ್ ರಿಪ್ಲೇಸ್‌ಮೆಂಟ್‌ಗೆ 1, 2, 3, 4, 1, 2, 5, 1, 2, 3, 4, 5 ಎಂಬ ಸರಣಿಯನ್ನು ಫಿಫೋದಲ್ಲಿ (ಮೊದಲು ಬಂದದ್ದು ಮೊದಲು ಹೊರಗೆ) ಮಾಡಿ ನೋಡಿ: 3 ಫ್ರೇಮ್‌ಗಳಲ್ಲಿ 9 ಫಾಲ್ಟ್, 4 ಫ್ರೇಮ್‌ಗಳಲ್ಲಿ 10, ಅಂದರೆ ಜಾಗ ಹೆಚ್ಚಾದರೂ ಫಾಲ್ಟ್ ಹೆಚ್ಚಿತು. ಆರಂಭದಲ್ಲಿ ಖಾಲಿ ಫ್ರೇಮ್ ತುಂಬುವುದೂ ಫಾಲ್ಟೇ ಎಂಬುದನ್ನು ಎಣಿಸದಿದ್ದರೆ ಲೆಕ್ಕ ತಪ್ಪುತ್ತದೆ.

ಹಂತ 8: ಫೈಲ್ ವ್ಯವಸ್ಥೆ ಮತ್ತು ಡಿಸ್ಕ್

ಇಲ್ಲಿ ಐನೋಡ್ (ಫೈಲಿನ ವಿವರಗಳನ್ನು ಇಡುವ ದಾಖಲೆ) ಅರ್ಥವಾದರೆ ಉಳಿದದ್ದು ಸುಲಭ. ಫೈಲಿನ ಹೆಸರು ಐನೋಡಿನಲ್ಲಿ ಇರುವುದಿಲ್ಲ, ಡೈರೆಕ್ಟರಿಯಲ್ಲಿ ಇರುತ್ತದೆ. ಒಂದು ಫೈಲಿಗೆ ಹಾರ್ಡ್ ಲಿಂಕ್ (ಇನ್ನೊಂದು ಹೆಸರು) ಮಾಡಿ ಎರಡರ ಐನೋಡ್ ಸಂಖ್ಯೆ ಒಂದೇ ಇರುವುದನ್ನು ನೋಡಿ, ಮೂಲ ಹೆಸರನ್ನು ಅಳಿಸಿದರೂ ವಿಷಯ ಉಳಿಯುವುದನ್ನು ನೋಡಿ. ಡಿಸ್ಕ್ ಶೆಡ್ಯೂಲಿಂಗ್‌ನಲ್ಲಿ ಸ್ಕ್ಯಾನ್ ವಿಧಾನ ಡಿಸ್ಕಿನ ತುದಿಯವರೆಗೆ ಹೋಗುತ್ತದೆ, ಲುಕ್ ಕೊನೆಯ ಬೇಡಿಕೆಯಿಂದಲೇ ಹಿಂತಿರುಗುತ್ತದೆ. ಇದೊಂದನ್ನು ಬಿಟ್ಟರೆ ಇಲ್ಲಿ ಎಡವುವ ಜಾಗ ಹೆಚ್ಚಿಲ್ಲ.

ಹಂತ 9: ಒಂದು ಚಿಕ್ಕ ಕರ್ನಲ್ ಓದಿ

ವಿನ್ಯಾಸದ ಪ್ರಶ್ನೆಗಳಿಗೆ ಉತ್ತರಿಸುವ ಶಕ್ತಿ ಬರುವುದು ನಿಜವಾದ ಕೋಡ್ ಓದಿದಾಗ. ಲಿನಕ್ಸ್ ಕೋಡಿನಿಂದ ಆರಂಭಿಸಬೇಡಿ, ಅದು ವಿದ್ಯಾರ್ಥಿಯನ್ನು ಮುಳುಗಿಸುತ್ತದೆ. ಎಂಐಟಿಯಲ್ಲಿ ಬೋಧನೆಗಾಗಿಯೇ ಬರೆದ ಎಕ್ಸ್‌ವಿ6 ಎಂಬ ಪುಟ್ಟ ಕರ್ನಲ್ ಉಚಿತವಾಗಿ ಸಿಗುತ್ತದೆ. ಅದರ ಶೆಡ್ಯೂಲರ್ ಫಂಕ್ಷನ್ 64 ಜಾಗಗಳ ಪ್ರೊಸೆಸ್ ಟೇಬಲನ್ನು ಸುತ್ತುತ್ತಾ ಓಡಲು ಸಿದ್ಧವಿರುವುದನ್ನು ಹುಡುಕುತ್ತದೆ. ರೌಂಡ್ ರಾಬಿನ್ ಎಂದು ಓದಿದ್ದು ಅಲ್ಲಿ ಕೆಲವೇ ಸಾಲುಗಳಲ್ಲಿದೆ. ಮೊದಲು ಆ ಫಂಕ್ಷನ್, ನಂತರ ಫೋರ್ಕ್, ನಂತರ ಸ್ಲೀಪ್ ಮತ್ತು ವೇಕಪ್ ಓದಿ. ಬಳಿಕ ಒಂದು ಹೊಸ ಸಿಸ್ಟಮ್ ಕಾಲ್ ಸೇರಿಸಿ. ಸಂಖ್ಯೆ, ಕರ್ನಲ್ ಒಳಗಿನ ಪಟ್ಟಿ, ಯೂಸರ್ ಕಡೆಯ ಘೋಷಣೆ, ಅಸೆಂಬ್ಲಿ ಕೊಂಡಿ, ಮೇಕ್‌ಫೈಲ್ ಇವುಗಳಲ್ಲಿ ಒಂದನ್ನು ಮರೆತರೂ ಅದು ಕೆಲಸ ಮಾಡುವುದಿಲ್ಲ. ಕ್ಯುಇಎಂಯುದಿಂದ ಹೊರಬರಲು ಕಂಟ್ರೋಲ್ ಮತ್ತು ಎ ಒಟ್ಟಿಗೆ ಒತ್ತಿ ಬಿಟ್ಟು, ನಂತರ ಎಕ್ಸ್ ಒತ್ತಬೇಕು.

ಹಂತ 10: ಪರೀಕ್ಷೆಗೆ ಬರೆಯುವ ಅಭ್ಯಾಸ

ವಿಟಿಯು ಪತ್ರಿಕೆಯಲ್ಲಿ ಐದು ಮಾಡ್ಯೂಲ್‌ಗಳಿದ್ದು, ಪ್ರತಿ ಮಾಡ್ಯೂಲ್‌ನ ಎರಡು ಪೂರ್ಣ ಪ್ರಶ್ನೆಗಳಲ್ಲಿ ಒಂದನ್ನು ಉತ್ತರಿಸಬೇಕಾಗುತ್ತದೆ. ಆದ್ದರಿಂದ ಒಂದು ಮಾಡ್ಯೂಲನ್ನು ಪೂರ್ತಿ ಕೈಬಿಟ್ಟರೆ ಐದನೇ ಒಂದು ಭಾಗದ ಅಂಕ ಹೋಗುತ್ತದೆ. ಹೆಚ್ಚಿನವರು ಕೈಬಿಡುವುದು ಮೆಮೊರಿಯನ್ನು, ಅದೂ ಲೆಕ್ಕಗಳಿಂದ ಪೂರ್ಣ ಅಂಕ ಸಿಗುವ ಭಾಗವನ್ನು.

ಹಳೆಯ ಪ್ರಶ್ನೆಪತ್ರಿಕೆಗಳನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳದೆ ಪ್ರತಿ ಹಂತ ಮುಗಿದ ಕೂಡಲೇ ಆ ಭಾಗದ ಪ್ರಶ್ನೆಗಳನ್ನು ಗಡಿಯಾರ ಇಟ್ಟು ಬರೆಯಿರಿ. ಕನ್ನಡ ಮಾಧ್ಯಮದಿಂದ ಬಂದವರು ಪ್ರತಿ ಉತ್ತರವನ್ನು ಮೊದಲು ಸಹಪಾಠಿಗೆ ಕನ್ನಡದಲ್ಲಿ ಬಿಡಿಸಿ ಹೇಳಿ, ಬಳಿಕ ಇಂಗ್ಲಿಷಿನಲ್ಲಿ ಚಿಕ್ಕ ವಾಕ್ಯಗಳಲ್ಲಿ ಬರೆಯಿರಿ. ಸಹಪಾಠಿ ನಡುವೆ ತಡೆದು "ಇದನ್ನು ಮಾಡಿದ್ದು ಯಾರು?" ಎಂದು ಕೇಳಲಿ. ಉತ್ತರ ಹೊಳೆಯದಿದ್ದರೆ ಪುಸ್ತಕ ಮುಚ್ಚಿ, ಆ ಹಂತದ ಪ್ರಯೋಗಕ್ಕೆ ಮರಳಿ ಹೋಗಿ ಓಡಿಸಿ ನೋಡಿ.